ರಾತ್ರಿ ರೆಂಡರ್‌ಗೆ ಹಾಕಿ ಮನೆಗೆ ಹೋದರೆ ಕಂಪ್ಯೂಟರ್ ತಾನೇ ಆಫ್ ಆಗುತ್ತಾ?

ಪ್ರಶ್ನೆ (ಮದುವೆ ವಿಡಿಯೋ ಎಡಿಟರ್, ಸಾಗರ): ಸರ್, ನಮ್ಮದು ಚಿಕ್ಕ ಸ್ಟುಡಿಯೋ. ಸೀಸನ್‌ನಲ್ಲಿ ರಾತ್ರಿ 10 ಗಂಟೆಗೆ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡುವ ಕೆಲಸ) ಹಾಕಿ ಮನೆಗೆ ಹೋಗುತ್ತೇನೆ. ಅದು ಎರಡಕ್ಕೋ ಮೂರಕ್ಕೋ ಮುಗಿಯುತ್ತದೆ. ಆಮೇಲೆ ಬೆಳಗ್ಗೆ 9ರವರೆಗೆ ಸಿಸ್ಟಮ್ ಸುಮ್ನೆ ಓಡುತ್ತಿರುತ್ತದೆ. ಹುಡುಕಿದರೆ ಆಟೋ ಶಟ್‌ಡೌನ್ ಅಂತ ಹತ್ತಾರು ಫ್ರೀ ಸಾಫ್ಟ್‌ವೇರ್ ಬರುತ್ತವೆ. ಯಾವುದು ಹಾಕಿಕೊಳ್ಳಲಿ? ವಿಂಡೋಸ್ 11 ಇದೆ.

ಉತ್ತರ: ಯಾವುದೂ ಬೇಡ. ಆ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಮಾಡುವ ಕೆಲಸವನ್ನು ವಿಂಡೋಸ್ ಒಳಗಿರುವ ಶಟ್‌ಡೌನ್ ಕಮಾಂಡೇ ಮಾಡುತ್ತದೆ. ಫ್ರೀ ಅಂತ ಇಳಿಸಿಕೊಂಡರೆ ಅದರ ಬೆನ್ನಿಗೆ ಬ್ರೌಸರ್ ಟೂಲ್‌ಬಾರು, ಜಾಹೀರಾತು ಎಲ್ಲ ಬಂದು ಕೂರುತ್ತವೆ. ಆಮೇಲೆ ಅದನ್ನು ತೆಗೆಸೋಕೆ ನನ್ನ ಹತ್ತಿರವೇ ಬರುತ್ತೀರಿ.

ಫೋನ್‌ನಲ್ಲಿ ಹೇಳುವ ಹಾಗೆ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಚಿಕ್ಕ ಬಾಕ್ಸಿನಲ್ಲಿ: ಶಟ್‌ಡೌನ್, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಸ್ಲ್ಯಾಶ್ ಟಿ, ಸ್ಪೇಸ್, 18000. ಎಂಟರ್. ಶಟ್‌ಡೌನ್ ಒಂದೇ ಪದ, ನಡುವೆ ಜಾಗ ಬೇಡ. 18000 ಅಂದರೆ ಸೆಕೆಂಡ್, ಅಂದರೆ 5 ಗಂಟೆ. ಮನಸ್ಸು ಬದಲಾದರೆ ಅದೇ ಬಾಕ್ಸಿನಲ್ಲಿ ಶಟ್‌ಡೌನ್, ಸ್ಪೇಸ್, ಸ್ಲ್ಯಾಶ್ ಎ. ಟೈಮರ್ ರದ್ದು.

ಆದರೆ ನಿಮ್ಮ ಕೆಲಸಕ್ಕೆ ಇದನ್ನು ಹೀಗೇ ಹಾಕಬೇಡಿ, ಕಾರಣ ಹೇಳುತ್ತೇನೆ.

ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್ ಕೊಟ್ಟಾಗ ಸೇವ್ ಆಗದ ಫೈಲ್ ಇದ್ದರೆ ವಿಂಡೋಸ್ ನಿಂತು ಕೇಳುತ್ತದೆ ಅಲ್ವಾ? ಟೈಮರ್ ಹಾಕಿದಾಗ ಕೇಳುವುದಿಲ್ಲ. ಸ್ಲ್ಯಾಶ್ ಟಿ ಪಕ್ಕ ಸೊನ್ನೆಗಿಂತ ಜಾಸ್ತಿ ಯಾವ ಸಂಖ್ಯೆ ಕೊಟ್ಟರೂ ಬಲವಂತದ ಆಯ್ಕೆ ತಾನಾಗಿಯೇ ಸೇರಿಕೊಳ್ಳುತ್ತದೆ. ಹೊತ್ತಾಯಿತು ಅಂದರೆ ತೆರೆದಿರುವ ಪ್ರೋಗ್ರಾಂಗಳನ್ನೆಲ್ಲ ಹೇಳದೆ ಕೇಳದೆ ಮುಚ್ಚುತ್ತದೆ. ಐದು ಗಂಟೆ ಅಂದುಕೊಂಡ ರೆಂಡರ್ ಐದೂವರೆಗೆ ಎಳೆದರೆ ನಿಮ್ಮ ಇಡೀ ರಾತ್ರಿ ನೀರಿನಲ್ಲಿ ಹೋಮ.

ಇದನ್ನು ಕಲಿತದ್ದು ಬೇರೆಯವರ ನಷ್ಟದಲ್ಲಿ. ಒಂದು ಡಿಟಿಪಿ ಅಂಗಡಿಯಲ್ಲಿ ರಾತ್ರಿ 8:30ಕ್ಕೆ ಆಫ್ ಆಗುವಂತೆ ನಾನೇ ಮಾಡಿಕೊಟ್ಟಿದ್ದೆ. ಒಂದು ದಿನ ಅವರು ದೇವಸ್ಥಾನದ ಸ್ಮರಣ ಸಂಚಿಕೆ ಕೂರಿಸುತ್ತಾ ಟೀ ಕುಡಿಯೋಕೆ ಇಳಿದರು. ಬಂದು ನೋಡಿದರೆ ಪರದೆ ಕಪ್ಪು. ಸೇವ್ ಮಾಡದ 11 ಪುಟ ಹೋಗಿತ್ತು. ಮಾರನೇ ದಿನ ಅವರು ನನ್ನನ್ನು ಬೈಯಲಿಲ್ಲ. ಟೀ ತರಿಸಿ, ಎದುರಿಗೆ ಕೂರಿಸಿಕೊಂಡು, ಆ 11 ಪುಟವನ್ನು ಮತ್ತೆ ಟೈಪ್ ಮಾಡಿದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಆಫ್ ಆಗುವುದನ್ನು ಗಡಿಯಾರಕ್ಕೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ರೆಂಡರ್ ಮಾಡುವ ಸಾಫ್ಟ್‌ವೇರ್‌ನಲ್ಲೇ "ಮುಗಿದ ಮೇಲೆ ಶಟ್‌ಡೌನ್" ಅನ್ನುವ ಆಯ್ಕೆ ಇದೆಯಾ ಅಂತ ಮೊದಲು ನೋಡಿ. ವಿಡಿಯೋ ಬೇರೆ ಫಾರ್ಮ್ಯಾಟಿಗೆ ಬದಲಿಸುವ ಹ್ಯಾಂಡ್‌ಬ್ರೇಕ್‌ನಲ್ಲಿ ಇದೆ. ಡೌನ್‌ಲೋಡ್ ವಿಷಯಕ್ಕೆ ಬಂದರೆ ಕ್ಯೂಬಿಟ್‌ಟೊರೆಂಟ್‌ನಲ್ಲೂ ಇದೆ.

ಅದೇ ಎಡಿಟರ್: ನನ್ನದರಲ್ಲಿ ಹುಡುಕಿದೆ ಸರ್, ಕಾಣಲಿಲ್ಲ.

ಉತ್ತರ: ಹಾಗಾದರೆ ಶಟ್‌ಡೌನ್ ಬೇಡ, ಹೈಬರ್ನೇಟ್ ಮಾಡಿಸಿ. ತೆರೆದಿರುವುದನ್ನೆಲ್ಲ ಹಾಗ್‌ಹಾಗೇ ಡಿಸ್ಕಿಗೆ ಬರೆದಿಟ್ಟು ಪವರ್ ಆಫ್ ಆಗುತ್ತದೆ. ಬೆಳಗ್ಗೆ ಆನ್ ಮಾಡಿದರೆ ಬಿಟ್ಟ ಜಾಗದಲ್ಲೇ ಇರುತ್ತದೆ. ರೆಂಡರ್ ಅಕಸ್ಮಾತ್ ಮುಗಿಯದಿದ್ದರೂ ಸಾಮಾನ್ಯವಾಗಿ ಅಲ್ಲಿಂದಲೇ ಮುಂದುವರಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೆಲವೊಮ್ಮೆ ಎದ್ದ ಮೇಲೆ ತಕರಾರು ತೆಗೆಯುತ್ತದೆ. ಅದಕ್ಕೆ ಮದುವೆ ಫೈಲ್ ಹಾಕುವ ಮೊದಲು ಎರಡು ನಿಮಿಷದ ಕ್ಲಿಪ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿ.

ಒಂದು ತೊಡಕಿದೆ. ಹೈಬರ್ನೇಟ್‌ನ ಸ್ಲ್ಯಾಶ್ ಎಚ್ ಜೊತೆ ಸ್ಲ್ಯಾಶ್ ಟಿ ಹಾಕಲು ಬರುವುದಿಲ್ಲ. ಅದಕ್ಕೆ ನೋಟ್‌ಪ್ಯಾಡ್ ತೆಗೆದು ಎರಡು ಸಾಲು ಬರೆಯಿರಿ. ಮೊದಲ ಸಾಲು: ಟೈಮ್‌ಔಟ್, ಸ್ಪೇಸ್, ಸ್ಲ್ಯಾಶ್ ಟಿ, ಸ್ಪೇಸ್, 25200. ಇಲ್ಲೂ ಟೈಮ್‌ಔಟ್ ಒಂದೇ ಪದ. ಎರಡನೇ ಸಾಲು: ಶಟ್‌ಡೌನ್, ಸ್ಪೇಸ್, ಸ್ಲ್ಯಾಶ್ ಎಚ್. ಸೇವ್ ಮಾಡುವಾಗ ಫೈಲ್ ಹೆಸರಿನ ಕೊನೆಗೆ ಡಾಟ್ ಬ್ಯಾಟ್ ಅಂತ ಕೊಡಿ. ಹೊರಡುವಾಗ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಕಪ್ಪು ಕಿಟಕಿಯಲ್ಲಿ ಸೆಕೆಂಡ್ ಇಳಿಯುತ್ತಾ ಹೋಗುತ್ತದೆ. ಆ ಕಿಟಕಿ ಮುಂದಿರುವಾಗ ಕೀ ಮುಟ್ಟಬೇಡಿ, ಯಾವ ಕೀ ಒತ್ತಿದರೂ ಕಾಯುವುದು ಬಿಟ್ಟು ತಕ್ಷಣ ಹೈಬರ್ನೇಟ್ ಆಗುತ್ತದೆ. 25200 ಅಂದರೆ 7 ಗಂಟೆ, ರೆಂಡರ್‌ಗೆ ಬೇಕಾದ್ದಕ್ಕಿಂತ ಎರಡು ಗಂಟೆ ಜಾಸ್ತಿ ಇಟ್ಟಿದ್ದೇನೆ.

ಹೈಬರ್ನೇಟ್ ಆಗಲಿಲ್ಲ ಅಂದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆನ್ ಅಂತ ಒಮ್ಮೆ ಕೊಡಿ. ಸಾಕು.

ಕರೆಂಟ್ ಬಿಲ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಖಾಲಿ ಕೂತ ಸಿಸ್ಟಮ್ 80 ವ್ಯಾಟ್ ಎಳೆಯುತ್ತದೆ ಅಂದುಕೊಂಡರೂ 6 ಗಂಟೆಗೆ ಅರ್ಧ ಯೂನಿಟ್ ಅಷ್ಟೇ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಹೆದರಿ. ಅದಕ್ಕೆ ಶಟ್‌ಡೌನ್ ಕೂಡ ಉಪಯೋಗವಿಲ್ಲ, ಪ್ಲಗ್ ಕೀಳಬೇಕು. ನೆಟ್ ಕೇಬಲ್ ಕೂಡ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಗದಗ ಜಿಲ್ಲೆ): ನಮ್ಮ ಲ್ಯಾಬ್‌ನಲ್ಲಿ 12 ಸಿಸ್ಟಮ್ ಇವೆ ಸರ್. ಸಂಜೆ 4:45ಕ್ಕೆ ಆಫ್ ಆಗಲಿ ಅಂತ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ನಡೆಸುವ ಸೌಲಭ್ಯ) ಹಾಕಿದ್ದೇವೆ. ದಿನಾ ಸರಿಯಾಗಿ ಆಗುತ್ತದೆ. ಆದರೆ ಸೋಮವಾರ ಬೆಳಗ್ಗೆ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಎಲ್ಲವೂ ಒಟ್ಟಿಗೆ ಆಫ್! ಮತ್ತೆ ಆನ್ ಮಾಡಿದರೆ ಏನೂ ಆಗಲ್ಲ. ಮಕ್ಕಳು ದೆವ್ವ ಅಂತಿದ್ದಾರೆ.

ಉತ್ತರ: ಮೇಡಂ, ಆನ್ ಮಾಡಿ ಸುಮಾರು ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ ಅಲ್ವಾ? ಆ ದೆವ್ವ ನನಗೆ ಪರಿಚಯ.

ಟಾಸ್ಕ್ ತೆರೆದು ಸೆಟ್ಟಿಂಗ್ಸ್ ಟ್ಯಾಬ್‌ಗೆ ಹೋಗಿ. "ನಿಗದಿಯಾದ ಸಮಯ ತಪ್ಪಿಹೋದರೆ ಆದಷ್ಟು ಬೇಗ ಈ ಟಾಸ್ಕ್ ನಡೆಸು" ಅನ್ನುವ ಅರ್ಥದ ಒಂದು ಸಾಲಿದೆ. ಅದಕ್ಕೆ ಯಾರೋ ಟಿಕ್ ಹಾಕಿದ್ದಾರೆ. ಭಾನುವಾರ ಲ್ಯಾಬ್ ಮುಚ್ಚಿತ್ತು, 4:45ರ ಕೆಲಸ ಬಾಕಿ ಉಳಿಯಿತು. ಸೋಮವಾರ ಆನ್ ಆದ ಮೇಲೆ ವಿಂಡೋಸ್ ಹತ್ತು ನಿಮಿಷ ಕಾದು ಆ ಬಾಕಿ ತೀರಿಸುತ್ತಿದೆ. ಬಾಕಿ ತೀರಿದ ಮೇಲೆ ಎರಡನೇ ಸಲ ಏನೂ ಆಗುವುದಿಲ್ಲ. ಬ್ಯಾಕಪ್‌ಗೆ ಆ ಟಿಕ್ ಒಳ್ಳೆಯದು, ಶಟ್‌ಡೌನ್‌ಗೆ ಬೇಡ. ತೆಗೆದುಬಿಡಿ.

ಅಲ್ಲಿಗೆ ಹೋದಾಗ ಕಂಡೀಷನ್ಸ್ ಟ್ಯಾಬ್ ಕೂಡ ನೋಡಿ. ಕರೆಂಟ್‌ನಲ್ಲಿ ಇದ್ದಾಗ ಮಾತ್ರ ನಡೆಸು ಅನ್ನುವುದಕ್ಕೆ ಮೊದಲಿನಿಂದಲೇ ಟಿಕ್ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದರೆ ಆಫ್ ಆಗದೆ ಹಾಗೇ ಉಳಿಯುವುದಕ್ಕೆ ಅದೇ ಕಾರಣ.

ಒಂದರಲ್ಲಿ ಸರಿಮಾಡಿ, ಟಾಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಡಿ. ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಉಳಿದ 11ರಲ್ಲಿ ಹಳೆಯ ಟಾಸ್ಕ್ ಅಳಿಸಿ ಇದನ್ನು ಇಂಪೋರ್ಟ್ ಮಾಡಿ. ಒಂದೇ ಸಿಸ್ಟಮ್‌ನಿಂದ ನೆಟ್‌ವರ್ಕ್ ಮೂಲಕ ಎಲ್ಲವನ್ನೂ ಆಫ್ ಮಾಡುವ ದಾರಿಯೂ ಇದೆ, ಶಟ್‌ಡೌನ್ ಸ್ಲ್ಯಾಶ್ ಐ ಕೊಟ್ಟರೆ ಅದರ ಕಿಟಕಿಯೇ ಬರುತ್ತದೆ. ಆದರೆ ಡೊಮೈನ್ (ಎಲ್ಲ ಸಿಸ್ಟಮ್‌ಗಳ ಲಾಗಿನ್ ಒಂದೇ ಸರ್ವರ್‌ನಿಂದ ನಡೆಯುವ ವ್ಯವಸ್ಥೆ) ಇಲ್ಲದ ಶಾಲೆ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಅನುಮತಿ ಇಲ್ಲ ಅಂತ ಎರರ್ ಬರುತ್ತದೆ. 12 ಸಿಸ್ಟಮ್‌ಗೆ ಅಷ್ಟು ಒದ್ದಾಟ ಬೇಡ, ಪೆನ್‌ಡ್ರೈವೇ ಬೇಗ.

ಪ್ರಶ್ನೆ (ಅಕೌಂಟೆಂಟ್, ದಾವಣಗೆರೆ): ನಾನೂ ಇದೇ ಥರ ಮಾಡಿಕೊಂಡಿದ್ದೇನೆ. ಟ್ಯಾಲಿ ಫೋಲ್ಡರನ್ನು ರೋಬೋಕಾಪಿಯಿಂದ (ವಿಂಡೋಸ್ ಒಳಗಿನ ಕಾಪಿ ಕಮಾಂಡ್) ಹೊರಗಿನ ಡಿಸ್ಕಿಗೆ ಕಾಪಿ ಮಾಡು, ಮುಗಿದ ಮೇಲೆ ಆಫ್ ಮಾಡು ಅಂತ ಬ್ಯಾಟ್ ಫೈಲ್. ಕೆಲವು ದಿನ ಸರಿಯಾಗಿ ಆಗುತ್ತದೆ. ಕೆಲವು ದಿನ ಬೆಳಗ್ಗೆ ಬಂದರೂ ಇನ್ನೂ ಓಡುತ್ತಲೇ ಇರುತ್ತದೆ.

ಉತ್ತರ: ನೀವು ಮಾಡಿರುವ ಕ್ರಮವೇ ಸರಿ. ಬ್ಯಾಟ್ ಫೈಲಿನಲ್ಲಿ ಮೇಲಿನ ಸಾಲು ಮುಗಿಯದೆ ಕೆಳಗಿನದು ಶುರುವಾಗುವುದಿಲ್ಲ. ತೊಂದರೆ ಇರುವುದೂ ಅಲ್ಲೇ. ಹೋಗುವಾಗ ಟ್ಯಾಲಿ ಮುಚ್ಚಲು ಮರೆತ ದಿನ ಹೀಗಾಗುತ್ತಿರಬೇಕು, ನೆನಪು ಮಾಡಿಕೊಳ್ಳಿ.

ತೆರೆದಿರುವ ಫೈಲ್ ಸಿಗದಿದ್ದರೆ ರೋಬೋಕಾಪಿ 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ ಗೊತ್ತಾ? ನೀವು ಏನೂ ಹೇಳದಿದ್ದರೆ 10 ಲಕ್ಷ ಸಲ. ಲೆಕ್ಕ ಹಾಕಿದರೆ ಒಂದು ಫೈಲಿಗೆ ಹನ್ನೊಂದು ತಿಂಗಳಿಗೂ ಜಾಸ್ತಿ. ಪಾಪ, ನಿಯತ್ತಿನ ಆಳು.

ಆ ಸಾಲಿನ ಕೊನೆಗೆ ಸ್ಪೇಸ್ ಕೊಟ್ಟು ಸ್ಲ್ಯಾಶ್ ಆರ್, ಕೋಲನ್, 2 ಅಂತ ಸೇರಿಸಿ. ಮತ್ತೆ ಸ್ಪೇಸ್, ಸ್ಲ್ಯಾಶ್ ಡಬ್ಲ್ಯೂ, ಕೋಲನ್, 5. ಎರಡೇ ಸಲ ನೋಡಿ, ಐದೈದು ಸೆಕೆಂಡ್ ಕಾದು, ಮುಂದಕ್ಕೆ ಹೋಗುತ್ತದೆ. ಆದರೆ ಆ ದಿನ ತೆರೆದಿದ್ದ ಫೈಲ್ ಬ್ಯಾಕಪ್ ಆಗಿರುವುದಿಲ್ಲ, ಸಿಸ್ಟಮ್ ಮಾತ್ರ ನೆಟ್ಟಗೆ ಆಫ್ ಆಗಿರುತ್ತದೆ. ಅದಕ್ಕೆ ಸ್ಲ್ಯಾಶ್ ಲಾಗ್, ಕೋಲನ್ ಹಾಕಿ ಅದಕ್ಕೆ ಅಂಟಿಸಿ ಒಂದು ಫೈಲ್ ಹೆಸರು ಕೊಡಿ. ಬೆಳಗ್ಗೆ ಬಂದು ಅದರ ಕೊನೆಯಲ್ಲಿ ಫೇಲ್ಡ್ ಅನ್ನುವ ಕಾಲಂ ಸೊನ್ನೆ ಇದೆಯಾ ನೋಡಿಕೊಂಡು ಮುಂದಿನ ಕೆಲಸ.

ಪ್ರಶ್ನೆ (ಗೃಹಿಣಿ, ಮೈಸೂರು): ಅಣ್ಣ, ಮಗ ರಾತ್ರಿ 12ರವರೆಗೆ ಗೇಮ್ ಆಡ್ತಾನೆ. 10ಕ್ಕೆ ಆಫ್ ಆಗೋ ಹಾಗೆ ಮಾಡಿದ್ದೆ. ಅವನಿಗೆ ಆ ಸ್ಲ್ಯಾಶ್ ಎ ಗೊತ್ತಾಗಿಬಿಟ್ಟಿದೆ.

ಉತ್ತರ: ಇವತ್ತು ನಾನು ಮೇಲೆ ಬರೆದದ್ದನ್ನು ಓದಿ ಅಲ್ಲ ತಾನೇ! ಅಕ್ಕ, ಶಟ್‌ಡೌನ್ ಬೀಗ ಅಲ್ಲ. ರದ್ದು ಮಾಡದಿದ್ದರೂ ಆಫ್ ಆದ ಮರುಕ್ಷಣ ಬಟನ್ ಒತ್ತಿದರೆ ಆಯಿತು. ಅವನಿಗೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿ, ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿಯಲ್ಲಿ ಸೇರಿಸಿ ಸಮಯ ಹಾಕಿ. ಹೊತ್ತು ಮುಗಿದರೆ ಅವನ ಅಕೌಂಟ್ ಮಾತ್ರ ಲಾಕ್ ಆಗುತ್ತದೆ. ಅಡ್ಮಿನ್ ಪಾಸ್‌ವರ್ಡ್ ಅವನ ಹುಟ್ಟಿದ ದಿನ ಇಡಬೇಡಿ.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ): ಉಬುಂಟು ಲಿನಕ್ಸ್‌ನಲ್ಲಿ ಶಟ್‌ಡೌನ್ ಕಮಾಂಡ್‌ಗೆ ಪ್ಲಸ್ 3600 ಅಂತ ಕೊಟ್ಟು ಮಲಗಿದೆ ಸರ್. ಬೆಳಗ್ಗೆ ಆನ್ ಆಗೇ ಇತ್ತು.

ಉತ್ತರ: ಲಿನಕ್ಸ್‌ನಲ್ಲಿ ಅದು ನಿಮಿಷದ ಲೆಕ್ಕ ತಮ್ಮಾ. ಎರಡೂವರೆ ದಿನ ಕಾದಿದ್ದರೆ ಆಫ್ ಆಗುತ್ತಿತ್ತು. ಪ್ಲಸ್ 60 ಕೊಡು. ಇಲ್ಲ 23:30 ಅಂತ ನೇರವಾಗಿ ಗಡಿಯಾರದ ಸಮಯವನ್ನೇ ಕೊಡು, ಆ ಸೌಕರ್ಯ ವಿಂಡೋಸ್ ಕಮಾಂಡ್‌ನಲ್ಲಿ ಇಲ್ಲ. ರದ್ದು ಮಾಡಲು ಶಟ್‌ಡೌನ್, ಸ್ಪೇಸ್, ಹೈಫನ್ ಸಿ.

ಪ್ರಶ್ನೆ (ಸಹಕಾರ ಸಂಘದ ಕ್ಲರ್ಕ್, ಮಂಡ್ಯ ಜಿಲ್ಲೆ): ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲು ತಾನೇ ಆಫ್ ಆಗೋ ಹಾಗೆ ಮಾಡಬಹುದಾ?

ಉತ್ತರ: ಯುಪಿಎಸ್ ಹಿಂಭಾಗ ನೋಡಿ. ಪ್ರಿಂಟರ್‌ಗೆ ಹಾಕುತ್ತೇವಲ್ಲ, ಅಂಥ ಚೌಕದ ಯುಎಸ್‌ಬಿ ತೂತು ಇದೆಯಾ? ಇದ್ದರೆ ಕೇಬಲ್ ಹಾಕಿ. ಸುಮಾರು ಮಾಡೆಲ್‌ಗಳಲ್ಲಿ ಗಡಿಯಾರದ ಪಕ್ಕ ಲ್ಯಾಪ್‌ಟಾಪ್‌ನಂತೆ ಬ್ಯಾಟರಿ ಚಿತ್ರ ಬರುತ್ತದೆ, ಉಳಿದವಕ್ಕೆ ಕಂಪನಿಯ ಸಾಫ್ಟ್‌ವೇರ್ ಹಾಕಬೇಕು. ಚಿತ್ರ ಬಂತು ಅಂದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ, ಬ್ಯಾಟರಿ ಕೆಳಗೆ ಕ್ರಿಟಿಕಲ್ ಆಕ್ಷನ್ ಹೈಬರ್ನೇಟ್ ಮಾಡಿ. ಕ್ರಿಟಿಕಲ್ ಲೆವೆಲ್ ತೀರಾ ಕೆಳಗಿರುತ್ತದೆ, 30ಕ್ಕೆ ಏರಿಸಿ. ಹಳೇ ಬ್ಯಾಟರಿ 40ರಿಂದ ಸೀದಾ ಸೊನ್ನೆಗೆ ಬೀಳುತ್ತದೆ, ನಂಬಬಾರದು.

ತೂತು ಇಲ್ಲದಿದ್ದರೆ ಕರೆಂಟ್ ಹೋದದ್ದು ಕಂಪ್ಯೂಟರ್‌ಗೆ ತಿಳಿಯುವ ದಾರಿಯೇ ಇಲ್ಲ. 600 ವಿಎ (ಎಷ್ಟು ಲೋಡ್ ತಡೆಯುತ್ತದೆ ಅನ್ನುವ ಅಳತೆ) ಅಗ್ಗದ ಯುಪಿಎಸ್‌ಗಳು ಬಹಳಷ್ಟು ಹೀಗೇ. ಮುಂದಿನ ಸಲ ಕೊಳ್ಳುವಾಗ ವಿಎ ಎಷ್ಟು ಅಂತ ಕೇಳುವ ಮೊದಲು ಆ ತೂತು ಕೇಳಿ.

ಸಾಗರದ ಎಡಿಟರ್ (ಎರಡು ದಿನದ ಮೇಲೆ): ಸರ್, ಹೈಬರ್ನೇಟ್ ಕೆಲಸ ಮಾಡಿತು. ರೆಂಡರ್ ಪೂರ್ತಿ ಆಗಿತ್ತು. ಆದರೆ ಬೆಳಗ್ಗೆ ಬಾಗಿಲು ತೆಗೆದರೆ ಯುಪಿಎಸ್ ಕುಂಯ್ ಕುಂಯ್ ಅಂತ ಕೂಗುತ್ತಿತ್ತು. ಪಕ್ಕದ ಬೇಕರಿಯವರು ಆರು ಗಂಟೆಯಿಂದ ಕೇಳಿಸಿಕೊಂಡಿದ್ದಾರಂತೆ.

ಉತ್ತರ: ಆರಕ್ಕೆ ಕರೆಂಟ್ ಹೋಗಿದೆ. ಸಿಸ್ಟಮ್ ಆಫ್ ಆಗಿದ್ದರೂ ಯುಪಿಎಸ್ ಆನ್ ಇತ್ತಲ್ಲ, ಅದು ಕೂಗುತ್ತದೆ. ನಿಮ್ಮ ಯುಪಿಎಸ್‌ಗೂ ಹಿಂದೆ ತೂತು ಇಲ್ಲದಿದ್ದರೆ ಅದನ್ನು ಕೈಯಲ್ಲೇ ಆಫ್ ಮಾಡಬೇಕು. ರೆಂಡರ್ ಇಟ್ಟ ದಿನ ಅದೂ ಆಗಲ್ಲ. ಬೇಕರಿಯವರಿಗೆ ಒಂದು ಮಾತು ಹೇಳಿಡಿ.