ಓದುಗರ ಸ್ಪಂದನ: ‘ಎದೆಹಾಲು ಸಾಲುತ್ತಿಲ್ಲ ಅಂತಾರೆ, ಏನು ಮಾಡಲಿ?’

ಕಳೆದ ವಾರದ ಸಮಸ್ಯೆ: ಮೊದಲ ಹೆರಿಗೆ, ಸಿಸೇರಿಯನ್ ಆಗಿದೆ. ಮಗಳಿಗೆ ಈಗ 20 ದಿನ. ತವರಿನಲ್ಲಿದ್ದೇನೆ. ಸಂಜೆಯಾದರೆ ಸಾಕು, ಗಂಟೆಗಟ್ಟಲೆ ಅಳುತ್ತಾಳೆ. ಎದೆಗೆ ಹಾಕಿಕೊಂಡರೆ ಸುಮ್ಮನಾಗುತ್ತಾಳೆ, ಮಲಗಿಸಿದರೆ ಮತ್ತೆ ಶುರು. ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಕೊಡು ಅಂತ ಅಮ್ಮ, ಚಿಕ್ಕಮ್ಮ ಇಬ್ಬರೂ ಹೇಳುತ್ತಾರೆ. ಹುಟ್ಟಿದಾಗ 2.8 ಕೆ.ಜಿ. ಇದ್ದಳು, ಮೊನ್ನೆ ತೂಗಿದಾಗ 3.1. ನನಗೆ ಮೊಲೆತೊಟ್ಟು ಒಡೆದು ಜೀವ ಹೋಗುವಷ್ಟು ನೋವು. ಹೊಟ್ಟೆ ಬರುತ್ತೆ ಅಂತ ನೀರು ಕುಡಿಯಲೂ ಬಿಡುವುದಿಲ್ಲ. ರಜೆ ಮುಗಿದ ಮೇಲೆ ಕೆಲಸಕ್ಕೂ ಹೋಗಬೇಕು. ದಿಕ್ಕೇ ತೋಚುತ್ತಿಲ್ಲ.

ತಂಗಿ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹುಟ್ಟಿದ ಮೊದಲ ಕೆಲವು ದಿನ ಮಕ್ಕಳ ತೂಕ ಸ್ವಲ್ಪ ಇಳಿಯುತ್ತದೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಸಾಕು. ನಿಮ್ಮ ಮಗಳು ಅದನ್ನೂ ದಾಟಿ 300 ಗ್ರಾಂ ಏರಿದ್ದಾಳೆ. ಆ ತೂಕ ಬಂದಿದ್ದು ನಿಮ್ಮ ಹಾಲಿನಿಂದಲೇ ಅಲ್ವಾ?

ಬಾಣಂತಿಯರ ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಮಗು ಅತ್ತರೆ ಮನೆಯವರ ಕಣ್ಣು ಮೊದಲು ಹೋಗುವುದು ತಾಯಿಯ ಎದೆಯ ಕಡೆಗೆ. ಮಗು ಸೆಖೆಗೂ ಅಳುತ್ತದೆ, ತೇಗು ಬರದಿದ್ದರೂ ಅಳುತ್ತದೆ, ಎತ್ತಿಕೊಳ್ಳಲಿ ಅಂತಲೂ ಅಳುತ್ತದೆ. ಅಳು ನೋಡಿ ಹಾಲಿನ ಲೆಕ್ಕ ಹಾಕಬೇಡಿ. ಉಚ್ಚೆ ನೋಡಿ. ಒಂದು ದಿನ ಡೈಪರ್ ಬಿಟ್ಟು ಬಟ್ಟೆ ಕಟ್ಟಿ. ಹಗಲು ರಾತ್ರಿ ಸೇರಿ ಆರು ಬಟ್ಟೆಯಾದರೂ ಚೆನ್ನಾಗಿ ಒದ್ದೆಯಾದರೆ, ಉಚ್ಚೆ ತಿಳಿಯಾಗಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ಸಂಜೆ ಹೊತ್ತು ಮೇಲಿಂದ ಮೇಲೆ ಕುಡಿಯುವುದು ಈ ವಯಸ್ಸಿನ ಮಕ್ಕಳ ರೂಢಿ. ಮಗು ಚೀಪಿ ಎದೆ ಖಾಲಿ ಮಾಡಿದಷ್ಟೂ ಹಾಲು ಹೊಸದಾಗಿ ಬರುತ್ತದೆ. ನಡುವೆ ಡಬ್ಬಿ ಹಾಲು ಕೊಟ್ಟಿರೋ, ಮಗು ಹೊಟ್ಟೆ ತುಂಬಿ ನಿದ್ದೆ ಮಾಡುತ್ತದೆ, ಎದೆಗೆ ಬರುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ. ಆಮೇಲೆ ‘ನೋಡು, ಹಾಲಿಲ್ಲ ಅಂದಿದ್ದೆವಲ್ಲ’ ಅನ್ನುತ್ತಾರೆ. ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿರುವುದು ಸುಮ್ನೆ ಅಲ್ಲ. ದಿನಕ್ಕೆ 8ರಿಂದ 12 ಸಲ ಕುಡಿಸಿ. ರಾತ್ರಿಯದನ್ನು ತಪ್ಪಿಸಬೇಡಿ, ಹಾಲು ತರಿಸುವ ಹಾರ್ಮೋನು ರಾತ್ರಿಯೇ ಜಾಸ್ತಿ.

ಇನ್ನು ತೊಟ್ಟು ಒಡೆದಿರುವುದು. ಮಗು ತೊಟ್ಟನ್ನಷ್ಟೇ ಕಚ್ಚಿಕೊಂಡಾಗ ಹೀಗಾಗುತ್ತದೆ. ಹೊಲಿಗೆ ಇನ್ನೂ ಹಸಿ ಇರುವುದರಿಂದ ಮಗುವನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಬೇಡಿ. ಪಕ್ಕಕ್ಕೆ ದಿಂಬು ಇಟ್ಟು, ಅದರ ಮೇಲೆ ಮಗುವನ್ನು ನಿಮ್ಮ ಕಂಕುಳ ಕೆಳಗೆ ಕಾಲು ಹಿಂದೆ ಹೋಗುವಂತೆ ಮಲಗಿಸಿ, ಕತ್ತಿನ ಹಿಂಭಾಗಕ್ಕೆ ಅಂಗೈ ಕೊಡಿ. ತೊಟ್ಟನ್ನು ಮಗುವಿನ ಮೂಗಿನ ಹತ್ತಿರ ತಂದು ಮೇಲ್ದುಟಿಗೆ ತಾಗಿಸಿ. ಆಕಳಿಸುವ ಹಾಗೆ ಬಾಯಿ ಅಗಲವಾಗಿ ತೆರೆಯುತ್ತದೆ. ಆಗ ಮಗುವನ್ನು ಎದೆಗೆ ತನ್ನಿ, ನೀವು ಬಗ್ಗಬೇಡಿ. ಗಲ್ಲ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಡೆಯದು ಬಹುಪಾಲು ಬಾಯೊಳಗೆ ಹೋಗಿರಬೇಕು. ನೋವು ಹಾಗೇ ಇದ್ದರೆ ಎಳೆಯಬೇಡಿ. ಬಾಯಿ ಮೂಲೆಗೆ ಕಿರುಬೆರಳು ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಕುಡಿಸಿದ ಮೇಲೆ ಎರಡು ಹನಿ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ. ಎದೆ ಕೆಂಪಾಗಿ, ಗಟ್ಟಿಯಾಗಿ ಜ್ವರ ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬಾರದು.

ಮಗು ಚೀಪಲು ಎಚ್ಚರವಾಗದೆ ಮಂಕಾಗಿದ್ದರೆ, ಉಚ್ಚೆ ಕಡಿಮೆಯಾದರೆ, ಮೈ ಬಿಸಿಯಾದರೆ, ಅಂಗೈ ಅಂಗಾಲಿಗೂ ಹಳದಿ ಹರಡಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹೆರಿಗೆಯಾದ 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಂದಾಗ ಅವರ ಎದುರಿಗೇ ಕುಡಿಸಿ ತೋರಿಸಿ, ತೂಕ ಬರೆಸಿಕೊಳ್ಳಿ.
– ಶುಶ್ರೂಷಕಿ, ಹಾವೇರಿ

ಈ ಪತ್ರ ನಿಮ್ಮ ಅಮ್ಮನಿಗೆ. ಓದಿ ಹೇಳಮ್ಮ.

ಅಕ್ಕಾ, ಮಗಳ ಬಾಣಂತನ ಮಾಡುವ ಕಷ್ಟ ನನಗೂ ಗೊತ್ತು. ನಾನೂ ಇಬ್ಬರು ಹೆಣ್ಣುಮಕ್ಕಳಿಗೆ ಮಾಡಿದ್ದೇನೆ. ಅಳ್ವಿ ಪಾಯಸ, ಅಂಟಿನುಂಡೆ, ಸಬ್ಬಸಿಗೆ ಪಲ್ಯ ಎಲ್ಲ ಮಾಡಿ ಹಾಕಿ, ಮಗಳಿಗೆ ಶಕ್ತಿ ಬರಲಿ. ಆದರೆ ನೀರಿಗೆ ಪಥ್ಯ ಬೇಡ. ಬಾಯಾರಿದಷ್ಟು ಕುಡಿಯಲಿ. ಹಾಲು ಕುಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು ಇಟ್ಟುಬಿಡಿ. ಸೊಪ್ಪು, ತರಕಾರಿ, ಬೇಳೆಯನ್ನೂ ಕಟ್ಟು ಮಾಡಬೇಡಿ. ಬಾಣಂತಿಗೆ ನೀರು ಬೇಕು, ಆರು ತಿಂಗಳವರೆಗೆ ಮಗುವಿಗೆ ಬೇಡ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತಿದೆ. ಜೇನು ನೆಕ್ಕಿಸುವುದು, ಬೀದಿಯಲ್ಲಿ ಕೂಗಿಕೊಂಡು ಬರುವವರ ಕತ್ತೆ ಹಾಲು ಕುಡಿಸುವುದು ಎರಡೂ ಬೇಡ. ವರ್ಷ ತುಂಬದ ಮಗುವಿಗೆ ಜೇನು ವಿಷವಾಗಬಹುದು.

ಮಗು ಕುಡಿದಾದ ಮೇಲೆ ನೀವು ಎತ್ತಿಕೊಳ್ಳಿ. ಭುಜಕ್ಕೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿ. ಆ ಹೊತ್ತಿನಲ್ಲಿ ಮಗಳು ಒಂದು ಗಂಟೆ ಕಣ್ಣು ಮುಚ್ಚಲಿ. ಯಾರಾದರೂ ನೋಡಲು ಬಂದು ‘ಹಾಲು ಸಾಲುತ್ತಾ?’ ಅಂತ ಕೇಳಿದರೆ ‘ಬೇಕಾದಷ್ಟಿದೆ’ ಅಂತ ನೀವೇ ಮುಂದಾಗಿ ಹೇಳಿ. ಮಗಳ ಕಿವಿಗೆ ಬೀಳುವ ಹಾಗೆ ಹೇಳಿ.
– ಅಜ್ಜಿ, ಧಾರವಾಡ

ನನ್ನದು ಅವಳಿ ಮಕ್ಕಳು, ಎರಡೂ ಕಡಿಮೆ ತೂಕ. ಎದೆಹಾಲಿನ ಜೊತೆ ಡಬ್ಬಿ ಹಾಲೂ ಕೊಡಿ ಅಂತ ಮಕ್ಕಳ ವೈದ್ಯರೇ ಬರೆದುಕೊಟ್ಟರು. ಕೊಟ್ಟೆ, ಮಕ್ಕಳು ಚೆನ್ನಾಗಿದ್ದಾರೆ. ನಿಮಗೆ ಈಗ ಅದರ ಅಗತ್ಯ ಕಾಣಿಸುವುದಿಲ್ಲ. ಮುಂದೆಂದಾದರೂ ವೈದ್ಯರು ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕುದಿಸಿದ ನೀರು, ಡಬ್ಬಿಯ ಮೇಲೆ ಬರೆದಷ್ಟೇ ಅಳತೆ. ಉಳಿಯಲಿ ಅಂತ ತೆಳ್ಳಗೆ ಮಾಡಬೇಡಿ. ‘ದಿಕ್ಕೇ ತೋಚುತ್ತಿಲ್ಲ’ ಅಂತ ಬರೆದಿದ್ದೀರಿ. ಅಳು, ಬೇಸರ ಎರಡು ವಾರ ದಾಟಿಯೂ ಹೋಗದಿದ್ದರೆ ಅದಕ್ಕೂ ವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.
– ಅವಳಿ ಮಕ್ಕಳ ತಾಯಿ, ತುಮಕೂರು

ಕೆಲಸದ ಚಿಂತೆ ಈಗಲೇ ಬೇಡ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಮೊದಲ ಎರಡು ಮಕ್ಕಳಿಗೆ ಇದು ಸಿಗುತ್ತದೆ. ಹೆರಿಗೆಗೆ ಮುಂಚೆ ಜಾಸ್ತಿ ರಜೆ ಹಾಕಿಲ್ಲದಿದ್ದರೆ ಮಗುವಿಗೆ ಹೆಚ್ಚುಕಡಿಮೆ ಆರು ತಿಂಗಳಾಗುವವರೆಗೆ ಜೊತೆಗಿರಬಹುದು. ವಾಪಸ್ ಹೋದ ಮೇಲೂ ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕು ಅಂತ ಕಾನೂನಿದೆ. 50ಕ್ಕಿಂತ ಕಡಿಮೆಯಿಲ್ಲದಷ್ಟು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಬಾಯಿಮಾತಿನಲ್ಲಿ ಕೇಳಬೇಡಿ, ಎಚ್‌ಆರ್‌ಗೆ ಇಮೇಲ್ ಹಾಕಿ.

ಹೋಗುವುದಕ್ಕೆ ಎರಡು ವಾರ ಮುಂಚೆ ಹಾಲು ಹಿಂಡಿ ಇಡುವುದನ್ನು ರೂಢಿ ಮಾಡಿಕೊಳ್ಳಿ. ಪಂಪ್ ಇಲ್ಲದಿದ್ದರೂ ನಡೆಯುತ್ತದೆ, ಕೈ ತೊಳೆದು ಕೈಯಲ್ಲೇ ಹಿಂಡಬಹುದು. ಕುದಿಸಿ ಆರಿಸಿದ ಸ್ಟೀಲ್ ಡಬ್ಬಿಗೆ ಹಿಂಡಿ, ಮುಚ್ಚಿ. ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇಡಬಹುದು. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟರೆ ಬೆಚ್ಚಗಾಗುತ್ತದೆ. ಬಾಟಲಿ ಬೇಡ, ಮನೆಯಲ್ಲಿ ಹಳೇ ಒಳಲೆ ಇದ್ದರೆ ತಿಕ್ಕಿ, ಕುದಿಸಿ ಇಟ್ಟುಕೊಳ್ಳಿ. ಮೊದಲ ಸಲ ಒಳಲೆಯಲ್ಲಿ ಕುಡಿಸುವಾಗ ನೀವು ಎದುರಿಗೆ ಇರಬೇಡಿ, ನಿಮ್ಮ ವಾಸನೆ ಸಿಕ್ಕರೆ ಮಗಳು ಒಳಲೆ ಮುಟ್ಟುವುದಿಲ್ಲ.
– ಉದ್ಯೋಗಸ್ಥೆ, ಬೆಂಗಳೂರು