ಅಪ್‌ಡೇಟ್: ಮಟ್ಟುಗುಳ್ಳ ಕೇಕ್ ಬೆವರಲಿಲ್ಲ!

ಅಮ್ಮನ ಹುಟ್ಟುಹಬ್ಬಕ್ಕೆ ಮಟ್ಟುಗುಳ್ಳದ (ನಮ್ಮ ಮಟ್ಟು ಊರಿನ ಗುಂಡು ಬದನೆಕಾಯಿ) ಆಕಾರದ ಕೇಕ್ ಮಾಡಬೇಕು, ಉಡುಪಿಯ ಈ ಸೆಕೆಗೆ ಫಾಂಡೆಂಟ್ (ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು) ಅಂಟಂಟಾಗದ ಹಾಗೆ ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಚೆನ್ನಾಗೇ ಬಂತು.

ಸ್ಪಂಜ್ ಬೇಡ, ಬೆಣ್ಣೆ ಕೇಕ್ ಮಾಡಿ ಅಂದವರ ಮಾತು ಸರಿ. ಎರಡು ಸ್ಟೀಲ್ ಬೋಗುಣಿಯಲ್ಲಿ ಬೇಯಿಸಿ, ರಾತ್ರಿಯಿಡೀ ಫ್ರಿಜ್ಜಲ್ಲಿಟ್ಟು, ಜೋಡಿಸಿ ಕೆತ್ತಿದೆ. ತಣ್ಣಗಿದ್ದರೆ ಪುಡಿ ಉದುರುವುದು ಕಡಿಮೆ. ಮೇಲೆ ವೈಟ್ ಚಾಕೊಲೇಟ್ ಗನಾಶ್ (ಚಾಕೊಲೇಟ್-ಕ್ರೀಮ್ ಮಿಶ್ರಣ), 3 ಪಾಲು ಚಾಕೊಲೇಟಿಗೆ 1 ಪಾಲು ಕ್ರೀಮ್.

ಮಜಾ ಇದ್ದದ್ದು ಬಣ್ಣದಲ್ಲಿ. 2011ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತು) ಸಿಕ್ಕಿದ ನಮ್ಮ ಗುಳ್ಳವನ್ನು ನೇರಳೆ ಮಾಡಿದರೆ ಊರಲ್ಲಿ ಯಾರು ಬಿಡುತ್ತಾರೆ? ನಿಜವಾದ ಗುಳ್ಳ ಎದುರಿಗಿಟ್ಟುಕೊಂಡು, ತಿಳಿ ಹಸಿರು ಫಾಂಡೆಂಟ್ ಮೇಲೆ ತೆಳು ಬ್ರಷ್‌ನಲ್ಲಿ ಬಿಳಿ ಗೀರು ಎಳೆದೆ. ತೊಟ್ಟಿನ ಮುಳ್ಳಿಗೆ ಬಾದಾಮಿ ಸೀಳು. ದೊಡ್ಡಮ್ಮ ನೋಡಿ, “ಇಷ್ಟು ದೊಡ್ಡದಕ್ಕೆ ಎಷ್ಟು ಕೊಟ್ಟೆ ಮಾರಾಯ್ತಿ?” ಅಂದರು!

ಫ್ರಿಜ್ಜಿಂದ ತೆಗೆದ ಕೂಡಲೇ ಡಬ್ಬ ಬಿಚ್ಚಬೇಡಿ ಅಂದಿರಲ್ಲ, ಕೇಕ್ ಉಳಿಸಿದ್ದೇ ಅದು. ತಂಪು ಆರುವವರೆಗೆ ಮುಚ್ಚಿಟ್ಟೆ. ನೀರಹನಿ ಡಬ್ಬದ ಹೊರಗೇ ನಿಂತಿತು. ಕೆತ್ತಿದ ಚೂರುಗಳನ್ನು ಗನಾಶ್ ಜತೆ ಕಲಸಿ ಉಂಡೆ ಕಟ್ಟಿದೆ. ಮಕ್ಕಳಿಗೆ ಗುಳ್ಳಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು.