ಭಾನುವಾರದ ಪ್ರಶ್ನೋತ್ತರ: ಟೂರಿಂಗ್ ಬೈಕ್‌ನ ಕ್ಲಚ್ ಆಯಿಲ್ ಸೋರುತ್ತಿದೆ

ಅಡ್ಮಿನ್: ಈ ವಾರ ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್) ಬಗ್ಗೆ ಮಾತ್ರ ಕೇಳಿ. ಉತ್ತರ ಕೊಡುವವರು ನಮ್ಮ ಗ್ಯಾರೇಜ್ ಅಣ್ಣ. ಗಾಡಿ ಯಾವುದು, ತೊಂದರೆ ಏನು ಅಂತ ಸರಿಯಾಗಿ ಬರೆಯಿರಿ.

ಹಾಸನದ ಸವಾರ: ಅಣ್ಣ ನಮಸ್ಕಾರ. ನನ್ನದು ಸುಜುಕಿ ವಿ-ಸ್ಟ್ರಾಮ್ 1000. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಎಡಗಡೆ ಸ್ಪ್ರಾಕೆಟ್ ಕವರ್ ಕೆಳಗೆ ಹನಿ ಬಿದ್ದಿರುತ್ತದೆ. ಲಿವರ್ ಮೆತ್ತಗಾಗಿದೆ, ನ್ಯೂಟ್ರಲ್ ಬೀಳುವುದೇ ಕಷ್ಟ. ಸೀಲ್ ಹೋಗಿದೆಯಾ?

ಗ್ಯಾರೇಜ್ ಅಣ್ಣ: ನಮಸ್ಕಾರ. ಬಿಚ್ಚುವ ಮೊದಲು ಸೋರುತ್ತಿರುವುದು ಏನು ಅಂತ ನೋಡಿ. ಒಂದು ಲೋಟ ನೀರಿಗೆ ಆ ಹನಿ ಬಿಡಿ. ಬ್ರೇಕ್ ಆಯಿಲ್ (ನಿಮ್ಮ ಕ್ಲಚ್‌ನಲ್ಲೂ ಇರುವುದು ಅದೇ) ಆದರೆ ನೀರಲ್ಲಿ ಬೆರೆತುಹೋಗುತ್ತದೆ. ಎಂಜಿನ್ ಆಯಿಲ್ ಆದರೆ ಮೇಲೆ ತೇಲುತ್ತದೆ. ತೇಲಿದರೆ ಪುಶ್ ರಾಡ್ ಸೀಲ್ ಅಥವಾ ಗೇರ್ ಶಾಫ್ಟ್ ಸೀಲ್ ನೋಡಬೇಕು. ಬೆರೆತರೆ ಸ್ಲೇವ್ ಸಿಲಿಂಡರ್, ಅಂದರೆ ಆಯಿಲ್ ಒತ್ತಡಕ್ಕೆ ಪುಶ್ ರಾಡ್ ತಳ್ಳಿ ಕ್ಲಚ್ ಬಿಡಿಸುವ ಭಾಗ. ನಿಮ್ಮ ಗಾಡಿಯಲ್ಲಿ ಸ್ಲೇವ್ ಇರುವುದೇ ಸ್ಪ್ರಾಕೆಟ್ ಕವರ್ ಮೇಲೆ. ಚೈನ್ ಲ್ಯೂಬ್, ಧೂಳು, ಮಳೆ ನೀರು ಎಲ್ಲ ಅಲ್ಲೇ ಸೇರಿ ಕೆಸರಾಗುತ್ತದೆ. ಪಿಸ್ಟನ್ ಆ ಕೆಸರಿನಲ್ಲೇ ಹಿಂದೆ ಮುಂದೆ ಓಡಾಡಿ ಸೀಲ್ ಸವೆಯುತ್ತದೆ. ನೋಡಿ ಹೇಳಿ.

ಕುಡ್ಲ ರೈಡರ್: ಯಾವ ಆಯಿಲ್ ಹಾಕಬೇಕು ಸರ್?

ಗ್ಯಾರೇಜ್ ಅಣ್ಣ: ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಅಂತಿದ್ದರೆ ಡಾಟ್ 4. ಸೀಲ್ ಒಡೆಯದ ಹೊಸ ಬಾಟಲಿಯೇ ಆಗಬೇಕು. ತೆರೆದಿಟ್ಟ ಬಾಟಲಿ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಹುಬ್ಬಳ್ಳಿ ಹೈದ: ವಿ-ಸ್ಟ್ರಾಮ್ ಸ್ಲೇವ್ ಕಿಟ್ (ಹೊಸ ಸೀಲುಗಳ ಸೆಟ್) ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ?

ಮೂಡಿಗೆರೆ ಟೂರರ್: ಅಣ್ಣ, ಹೋದ ವಾರ ಚಾರ್ಮಾಡಿ ಘಾಟಿಯಲ್ಲಿ ಕ್ಲಚ್ ಲಿವರ್ ಪೂರ್ತಿ ಒಳಗೆ ಹೋಯಿತು. ಡಬ್ಬಿ ಖಾಲಿ. ದಾರಿಬದಿಯ ಅಂಗಡಿಯಲ್ಲಿ ಪವರ್ ಸ್ಟೀರಿಂಗ್ ಆಯಿಲ್ ತುಂಬಿ ಬ್ಲೀಡ್ ಮಾಡಿಕೊಟ್ಟರು (ಒಳಗಿನ ಗಾಳಿ ತೆಗೆದರು), ಮನೆ ಸೇರಿದೆ. ಎರಡು ದಿನದಿಂದ ಲಿವರ್ ನಿಧಾನವಾಗಿ ವಾಪಸ್ ಬರುತ್ತಿದೆ. ಐದನೇ ಗೇರಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಶುಕ್ರವಾರ ಹೆಂಡತಿ ಜೊತೆ ಗೋಕರ್ಣಕ್ಕೆ ಹೊರಡಬೇಕು. ಕ್ಲಚ್ ಪ್ಲೇಟ್ ಬದಲಿಸಿದರೆ ಸಾಕಾ?

ಗ್ಯಾರೇಜ್ ಅಣ್ಣ: ಮುಂದಿನ ಬ್ರೇಕ್ ಡಬ್ಬಿಗೂ ಅದೇ ಆಯಿಲ್ ಹಾಕಿದರಾ? ಬೇರೆಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳಿ.

ಮೂಡಿಗೆರೆ ಟೂರರ್: ಹೌದಣ್ಣ, ಅದರಲ್ಲೂ ಸ್ವಲ್ಪ ಕಡಿಮೆ ಇತ್ತು. ಟಾಪ್ ಅಪ್ ಮಾಡಿದರು.

ಗ್ಯಾರೇಜ್ ಅಣ್ಣ: ಗಾಡಿ ಹೊರಗೆ ತೆಗೆಯಬೇಡಿ. ಪೇಟೆಗೂ ಬೇಡ, ಗ್ಯಾರೇಜ್ ತನಕವೂ ಬೇಡ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಎಲ್ಲರೂ ಓದಿ.

ಡಾಟ್ 4 ಹಾಕುವ ಗಾಡಿಯ ಸೀಲುಗಳು ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರಿನವು. ಈ ರಬ್ಬರಿಗೆ ಬ್ರೇಕ್ ಆಯಿಲ್ ಒಗ್ಗುತ್ತದೆ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಯಾವುದೂ ಒಗ್ಗುವುದಿಲ್ಲ. ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಊದಿಕೊಳ್ಳುತ್ತದೆ. ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಡಬ್ಬಿಗೆ ಸೂಜಿಮೊನೆಯಷ್ಟು ಸಣ್ಣ ತೂತು ಇದೆ. ಲಿವರ್ ಬಿಟ್ಟಾಗ ಒಳಗಿನ ಒತ್ತಡ ಇಳಿಯುವುದು ಅದೇ ದಾರಿಯಲ್ಲಿ. ಊದಿದ ಸೀಲ್ ಆ ತೂತನ್ನು ಮುಚ್ಚುತ್ತದೆ. ಎಂಜಿನ್ ಬಿಸಿಗೆ ಆಯಿಲ್ ಹಿಗ್ಗುತ್ತದೆ, ವಾಪಸ್ ಹೋಗಲು ಜಾಗವಿಲ್ಲ. ಆಗ ಸ್ಲೇವ್ ಪಿಸ್ಟನ್ ತಾನಾಗಿಯೇ ಪುಶ್ ರಾಡನ್ನು ತಳ್ಳುತ್ತದೆ. ನೀವು ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಒತ್ತಿದ ಸ್ಥಿತಿ. ನಿಮ್ಮ ಗಾಡಿ ಎಳೆಯದೆ ಇರುವುದು ಇದಕ್ಕೇ. ಪ್ಲೇಟ್ ಮಾತ್ರ ಬದಲಿಸಿದರೆ ಹೊಸ ಪ್ಲೇಟೂ ಸುಡುತ್ತದೆ.

ಇದೇ ಕೆಲಸ ಬ್ರೇಕಿನಲ್ಲಿ ಆದರೆ? ನೀವು ಒತ್ತದಿದ್ದರೂ ಪ್ಯಾಡ್ ಡಿಸ್ಕನ್ನು ಹಿಡಿಯುತ್ತದೆ. ಅದರಿಂದ ಬಿಸಿ, ಬಿಸಿಯಿಂದ ಇನ್ನೂ ಜಾಸ್ತಿ ಹಿಡಿತ. ಕೊನೆಗೆ ಮುಂದಿನ ಚಕ್ರ ಲಾಕ್. ಹಿಂದೆ ಮನೆಯವರು ಕೂತಿರುತ್ತಾರೆ. ನನಗೆ ಭಯವಾಗುತ್ತಿರುವುದು ಇದಕ್ಕೆ.

ಮಿನಿ ಟ್ರಕ್ಕಿನಲ್ಲಿ ಹಾಕಿ ಕಳಿಸಿ. ಎರಡೂ ಮಾಸ್ಟರ್ ಕಿಟ್, ಸ್ಲೇವ್ ಕಿಟ್, ಬ್ರೇಕ್ ಕ್ಯಾಲಿಪರ್ ಸೀಲುಗಳು, ಎರಡೂ ಹೋಸ್, ಡಬ್ಬಿ ಮುಚ್ಚಳದ ಒಳಗಿನ ರಬ್ಬರ್, ಎಲ್ಲ ಹೊಸದು ಬೇಕು. ಎಬಿಎಸ್ ಇದ್ದರೆ ಅದರ ಯೂನಿಟ್ ಒಳಗೂ ರಬ್ಬರ್ ಇದೆ, ಅದನ್ನೂ ಬಲ್ಲವರಿಗೆ ತೋರಿಸಲೇಬೇಕು. ಖರ್ಚು ಜಾಸ್ತಿ, ಗೊತ್ತು. ಇದರಲ್ಲಿ ಉಳಿಸಲು ಹೋಗಬೇಡಿ.

ಪಶ್ಚಿಮಘಟ್ಟ: ಅಂಗಡಿಯವರದ್ದು ಏನು ತಪ್ಪು? ಕೆಟಿಎಂ 990 ಅಡ್ವೆಂಚರ್ ಕ್ಲಚ್‌ಗೆ ಬ್ರೇಕ್ ಆಯಿಲ್ ಅಲ್ಲ, ಮಿನರಲ್ ಆಯಿಲ್ಲೇ ಹಾಕುವುದು.

ಗ್ಯಾರೇಜ್ ಅಣ್ಣ: ಅದರ ಸೀಲ್ ಬೇರೆ ರಬ್ಬರ್. ಅದಕ್ಕೆ ಡಾಟ್ 4 ಹಾಕಿದರೆ ಅದು ಹಾಳಾಗುತ್ತದೆ. ಮುಚ್ಚಳ ಓದಿ ಅಂದಿದ್ದು ಇದಕ್ಕೇ.

ಬುಲೆಟ್ ಭಕ್ತ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. "ಸೋರುವ ಕ್ಲಚ್ ಡಬ್ಬಿಗೆ ಒಂದು ಚಮಚ ಹರಳೆಣ್ಣೆ ಹಾಕಿ. ರಬ್ಬರ್ ಊದಿ ಸೋರುವುದು ತಕ್ಷಣ ನಿಲ್ಲುತ್ತದೆ."

ಗ್ಯಾರೇಜ್ ಅಣ್ಣ: ರಬ್ಬರ್ ಊದಿದರೆ ಏನಾಗುತ್ತದೆ ಅಂತ ಈಗ ತಾನೇ ಬರೆದೆ. ದಯವಿಟ್ಟು ಅದನ್ನು ಅಳಿಸಿ.

ಬುಲೆಟ್ ಭಕ್ತ: ನಮ್ಮ ತಾತನ ಕಾಲದಲ್ಲಿ ಜೀಪಿಗೆ ಹಾಕುತ್ತಿದ್ದರಲ್ಲ?

ಗ್ಯಾರೇಜ್ ಅಣ್ಣ: ಹಳೆಯ ಬ್ರೇಕ್ ಆಯಿಲ್‌ನಲ್ಲಿ ಹರಳೆಣ್ಣೆ ಇತ್ತು, ನಿಜ. ಆಗ ಸೀಲು ಮರದ ರಬ್ಬರಿನದು. ಈಗಿನದು ಅಲ್ಲ. ಯಾರೂ ಹಾಕಬೇಡಿ. ಎಂ-ಸೀಲ್ ಮೆತ್ತುವುದು, ಟೆಫ್ಲಾನ್ ಟೇಪ್ ಸುತ್ತುವುದು, ಅದೂ ಬೇಡ.

ತುಮಕೂರು ರೈಡ್ಸ್: ಇದಕ್ಕೇ ಹೇಳುವುದು ಕೇಬಲ್ ಕ್ಲಚ್ ಒಳ್ಳೆಯದು ಅಂತ. ಸೀಟ್ ಕೆಳಗೆ ಒಂದು ಕೇಬಲ್ ಇದ್ದರೆ ರಸ್ತೆಯಲ್ಲೇ ಹಾಕಿಕೊಳ್ಳಬಹುದು.

ಪಶ್ಚಿಮಘಟ್ಟ: ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ದೊಡ್ಡ ಗಾಡಿಯ ಕೇಬಲ್ ಕ್ಲಚ್ ಒತ್ತಿ ನೋಡಿ, ಆಮೇಲೆ ಮಾತಾಡಿ.

ತುಮಕೂರು ರೈಡ್ಸ್: ಒತ್ತಿದ್ದೇನೆ ಸ್ವಾಮಿ. ಕೈ ಗಟ್ಟಿ ಇದೆ. ಗಾಡಿ ತೋರಿಸಲು ಇಟ್ಟುಕೊಂಡವರಿಗೆ ಕಷ್ಟ ಆಗಬಹುದು.

ಪಶ್ಚಿಮಘಟ್ಟ: ಯಾರಿಗೆ ಹೇಳುತ್ತಿದ್ದೀರಿ? ಮಾತು ನೆಟ್ಟಗಿರಲಿ.

ಬುಲೆಟ್ ಭಕ್ತ: ನಾನು ಒಳ್ಳೆಯದಕ್ಕೆ ಹಾಕಿದರೆ ನನಗೇ ಬೈಗುಳ. ಈ ಗ್ರೂಪೇ ಹೀಗೆ.

ಅಡ್ಮಿನ್: ಮೂವರೂ ಸಾಕು ಮಾಡಿ.

ಹಾಸನದ ಸವಾರ: ಅಣ್ಣ, ನೀರಲ್ಲಿ ಬೆರೆತುಹೋಯಿತು. ಸ್ಲೇವ್ ಬಿಚ್ಚಲು ಕೂತಿದ್ದೇನೆ. ಪಿಸ್ಟನ್ ಅಲುಗುತ್ತಿಲ್ಲ. ಇಕ್ಕಳ ಹಾಕಲಾ?

ಗ್ಯಾರೇಜ್ ಅಣ್ಣ: ಇಕ್ಕಳ ಬೇಡ. ಹೋಸ್ ಇನ್ನೂ ಇರುವಾಗಲೇ ಲಿವರನ್ನು ನಿಧಾನವಾಗಿ ಒತ್ತಿ, ಆಯಿಲ್ ಒತ್ತಡಕ್ಕೆ ತಾನೇ ಹೊರಗೆ ಬರುತ್ತದೆ. ಕೆಳಗೆ ಬಟ್ಟೆ ಇಡಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಆಮೇಲೆ ಸಿಲಿಂಡರ್ ಒಳಗೋಡೆಗೆ ಉಗುರು ಆಡಿಸಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಕಿಟ್ ಹಾಕಿ ಉಪಯೋಗವಿಲ್ಲ, ಸ್ಲೇವ್ ಪೂರ್ತಿ ಬದಲಿಸಿ. ಎಮರಿ ಪೇಪರ್ ತಿಕ್ಕಬೇಡಿ. ನುಣ್ಣಗಿದ್ದರೆ ಬ್ರೇಕ್ ಆಯಿಲ್‌ನಿಂದಲೇ ತೊಳೆದು ಹೊಸ ಸೀಲ್ ಹಾಕಿ, ಅದರ ತುಟಿ ಆಯಿಲ್ ಕಡೆಗೆ ಇರಲಿ. ಬ್ಯಾಂಜೋ ಬೋಲ್ಟಿನ (ಹೋಸ್ ಕೂರಿಸುವ ಬೋಲ್ಟ್) ಎರಡೂ ವಾಷರ್ ಹೊಸದು.

ಬ್ಲೀಡ್ ಮಾಡುವಾಗ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಲಿವರ್ ಗಟ್ಟಿಯಾಗದಿದ್ದರೆ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದು, ಸ್ಲೇವ್‌ನ ಗಾಳಿ ಬಿಡುವ ನಿಪ್ಪಲ್‌ನಿಂದ ಸಿರಿಂಜಲ್ಲಿ ಹೊಸ ಆಯಿಲ್ ಮೇಲಕ್ಕೆ ತಳ್ಳಿ. ಗಾಳಿಗೆ ಮೇಲೆ ಹೋಗುವುದೇ ಸುಲಭ.

ಶಿವಮೊಗ್ಗ 07: ಸರ್ ಯಾವ ಆಯಿಲ್ ಹಾಕಬೇಕು?

ಗ್ಯಾರೇಜ್ ಅಣ್ಣ: ಮೇಲೆ ಓದಿ.

ಶಿವಮೊಗ್ಗ 07: ಡಾಟ್ 5 ಆಗುತ್ತಾ?

ಗ್ಯಾರೇಜ್ ಅಣ್ಣ: ಇಲ್ಲ. ಅದು ಸಿಲಿಕೋನ್.

ಹುಬ್ಬಳ್ಳಿ ಹೈದ: ಕಿಟ್ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ತುಮಕೂರು ರೈಡ್ಸ್: ಕೇಬಲ್ ಹಾಕಿಸಿಕೊಳ್ಳಿ.

ಪಶ್ಚಿಮಘಟ್ಟ: ಮತ್ತೆ ಶುರು ಮಾಡಿದರು ನೋಡಿ ಅಡ್ಮಿನ್.

ಗ್ಯಾರೇಜ್ ಅಣ್ಣ: ನಿಮ್ಮ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮೂಡಿಗೆರೆಯವರು ಎಲ್ಲಿ? ಗಾಡಿ ಎಲ್ಲಿದೆ ಈಗ?

ಮೂಡಿಗೆರೆ ಟೂರರ್: ಮನೆಯಲ್ಲೇ ಇದೆ ಅಣ್ಣ. ತಮ್ಮ ನಾಳೆ ಚಿಕ್ಕಮಗಳೂರಿಗೆ ತಗೊಂಡು ಹೋಗುತ್ತೇನೆ ಅಂದಿದ್ದ. ಬೇಡ ಅಂದಿದ್ದೇನೆ. ಗೋಕರ್ಣಕ್ಕೆ ಬಸ್ಸಲ್ಲಿ ಹೋಗುತ್ತೇವೆ.

ಗ್ಯಾರೇಜ್ ಅಣ್ಣ: ಬೇಡ ಅಂದರೆ ಸಾಲದು, ಕೀ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಎರಡೂ ಡಬ್ಬಿ ಮೇಲೆ ಟೇಪ್ ಅಂಟಿಸಿ, "ಪವರ್ ಸ್ಟೀರಿಂಗ್ ಆಯಿಲ್ ಸೇರಿದೆ" ಅಂತ ಬರೆಯಿರಿ. ಗ್ಯಾರೇಜಿನವರಿಗೆ ಬಾಯಲ್ಲೂ ಹೇಳಿ. ಗೊತ್ತಾಗದಿದ್ದರೆ ಆಯಿಲ್ ಬದಲಿಸಿ, ಬ್ಲೀಡ್ ಮಾಡಿ, ಸರಿಯಾಯಿತು ಅಂತ ವಾಪಸ್ ಕೊಟ್ಟುಬಿಡುತ್ತಾರೆ.